ಮೈನಸ್ ಎಂಬತ್ತರ ಪೆಟ್ಟಿಗೆ: ವೈರಸ್ ಸಂಶೋಧಕರ ಮೂವತ್ತು ವರ್ಷ ಕಳೆಯುವುದೆಲ್ಲಿ

ಧಾರವಾಡದಲ್ಲೋ ಬೆಳಗಾವಿಯಲ್ಲೋ ಎಂಎಸ್ಸಿ ಮುಗಿಸಿದ ಮಗಳು ವೈರಾಲಜಿಯಲ್ಲಿ ಪಿಎಚ್‌ಡಿ ಮಾಡಲು ಪುಣೆಗೆ ಹೊರಟಳೆಂದರೆ ಮನೆಯಲ್ಲಿ ಮೂರು ಪ್ರಶ್ನೆ ಏಳುತ್ತವೆ. ಅಲ್ಲಿ ದಿನವಿಡೀ ಮಾಡುವುದೇನು? ಎಷ್ಟು ವರ್ಷ ಹಿಡಿಯುತ್ತದೆ? ಜೀವಕ್ಕೆ ಅಪಾಯ ಇಲ್ಲವೇ? ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಕಂಡ ಬಿಳಿ ಸೂಟಿನ ಚಿತ್ರದಿಂದ ಇದ್ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವುದು ಕಿರುಬೆರಳಿಗಿಂತ ಚಿಕ್ಕದಾದ, 2 ಎಂಎಲ್ ಹಿಡಿಯುವ ಒಂದು ಪ್ಲಾಸ್ಟಿಕ್ ವಯಲ್‌ನಲ್ಲಿ. ಅದರೊಳಗೆ ಯಾರದೋ ಜ್ವರದ ನಾಲ್ಕನೇ ದಿನದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಇರುತ್ತದೆ. ಅದನ್ನು ಸರಿಯಾಗಿ ತೆಗೆದು, ಸರಿಯಾಗಿ ಬರೆದು, ಸರಿಯಾಗಿ ಕಾಪಾಡಿದ್ದರೆ ಮೂವತ್ತು ವರ್ಷದ ನಂತರವೂ ಅದನ್ನು ಕೇಳಿ ಉತ್ತರ ಪಡೆಯಬಹುದು. ಇಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರ ಇದ್ದೂ ಉಪಯೋಗವಿಲ್ಲ. ಸಾಂಕ್ರಾಮಿಕ ರೋಗ ಸಂಶೋಧಕರ ವೃತ್ತಿ ನಿಂತಿರುವುದು ಸ್ಯಾಂಪಲ್‌ನ ಮೇಲೆ, ಉಳಿದದ್ದೆಲ್ಲ ಅದರ ಸುತ್ತ ಬೆಳೆಯುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕ್ಯಾಸನೂರಿನಿಂದ ಪುಣೆಗೆ

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ, 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಎಂಬ ಹೆಸರಿನಲ್ಲಿ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಜೊತೆಗೂಡಿ ಕಟ್ಟಿದ ಸಂಸ್ಥೆ ಅದು. ಸೊಳ್ಳೆ, ಉಣುಗಿನಂಥ ಚಿಕ್ಕ ಜೀವಿಗಳಿಂದ ಹರಡುವ ವೈರಸ್‌ಗಳ ಅಧ್ಯಯನ ಆಗ ಅದರ ಮುಖ್ಯ ಕೆಲಸ. ಈಗಿನ ಹೆಸರು ಬಂದದ್ದು 1978ರಲ್ಲಿ. ಸಂಸ್ಥೆ ಹುಟ್ಟಿ ಐದು ವರ್ಷವಾಗುವಷ್ಟರಲ್ಲಿ, 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವೆಂದರೆ ಹಳದಿ ಜ್ವರದ ಮುನ್ಸೂಚನೆ. ಅದನ್ನು ಹರಡುವ ಸೊಳ್ಳೆ ಭಾರತದಲ್ಲಿ ಧಾರಾಳವಾಗಿದೆ, ಜನರಲ್ಲಿ ಆ ರೋಗಕ್ಕೆ ಪ್ರತಿರೋಧ ಶಕ್ತಿ ಮಾತ್ರ ಇಲ್ಲ. ಪುಣೆಯ ತಂಡ ಅವಸರದಿಂದ ಮಲೆನಾಡಿಗೆ ಧಾವಿಸಿದ್ದು ಇದೇ ಭಯದಿಂದ.

ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಬೇರ್ಪಡಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಹತ್ತಿರದ ಸಂಬಂಧಿ. ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮಲೆನಾಡಿಗರ ಬಾಯಲ್ಲಿ ಅದು ಮಂಗನ ಕಾಯಿಲೆ, ದಾಖಲೆಗಳಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ.

ಈ ಒಂದು ರೋಗದ ಸುತ್ತ ಎಷ್ಟು ಬಗೆಯ ವೃತ್ತಿಜೀವನ ಬೆಳೆಯಿತು ನೋಡಿ. ಆಗಿನ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ವೈದ್ಯರು. ಜೊತೆಗಿದ್ದ ಹೆರಾಲ್ಡ್ ಟ್ರಾಪಿಡೋ ಪ್ರಾಣಿಶಾಸ್ತ್ರಜ್ಞ. ಮುಂದೆ ನಿರ್ದೇಶಕರಾದ ಟಿ. ರಾಮಚಂದ್ರ ರಾವ್ ಕೀಟಶಾಸ್ತ್ರಜ್ಞ. ಪಿ.ಕೆ. ರಾಜಗೋಪಾಲನ್ ಸಾಗರದ ಕ್ಷೇತ್ರ ಕೇಂದ್ರದಲ್ಲಿ ಉಣುಗುಗಳ ಹಿಂದೆ ವರ್ಷಗಟ್ಟಲೆ ಓಡಾಡಿದವರು, ಅನಂತರ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದರು. ಕೆ.ಆರ್.ಪಿ. ಸಿಂಗ್ ಪುಣೆಯ ಲ್ಯಾಬಿನಲ್ಲೇ ಕುಳಿತು 1967ರಲ್ಲಿ ಈಡಿಸ್ ಸೊಳ್ಳೆಯ ಮರಿಹುಳುಗಳ ಅಂಗಾಂಶದಿಂದ ನಿರಂತರವಾಗಿ ಬೆಳೆಯುವ ಜೀವಕೋಶ ಸಾಲುಗಳನ್ನು ಸ್ಥಾಪಿಸಿದರು. ಇಂದು ಜಗತ್ತಿನ ಬಹುತೇಕ ಡೆಂಗಿ ಲ್ಯಾಬುಗಳು ಬಳಸುವ ಸಿ6/36 ಎಂಬ ಕೋಶಸಾಲು ಸಿಂಗ್ ಅವರ ಸಾಲಿನಿಂದಲೇ 1978ರಲ್ಲಿ ಜಪಾನಿನ ಇಗರಾಶಿ ಆರಿಸಿ ತೆಗೆದ ಒಂದು ಕವಲು. ಪುಣೆಯ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಕನ್ನಡದಲ್ಲಂತೂ ಸಿಕ್ಕಿಲ್ಲ.

ಹಾಗಾಗಿ ವೈರಾಲಜಿಗೆ ಬರುವ ವಿದ್ಯಾರ್ಥಿ ‘ಯಾವ ವೈರಸ್’ ಎಂದು ಕೇಳಿಕೊಳ್ಳುವ ಮೊದಲು ‘ಯಾವ ಕಸುಬು’ ಎಂದು ಕೇಳಿಕೊಳ್ಳಬೇಕು. ಕ್ಷೇತ್ರದಲ್ಲಿ ಕೀಟ ಹಿಡಿಯುವುದೇ, ಜೀವಕೋಶ ಬೆಳೆಸುವುದೇ, ಆಂಟಿಬಾಡಿ ಅಳೆಯುವುದೇ, ಜೀನೋಮ್ ಓದುವುದೇ? ಇಂದು ಸುದ್ದಿಯಲ್ಲಿರುವ ವೈರಸ್ ನಾಲ್ಕು ವರ್ಷಕ್ಕೆ ಮರೆಯಾಗಬಹುದು. ಕೈಗೆ ಹತ್ತಿದ ಕಸುಬು ನಿವೃತ್ತಿಯವರೆಗೂ ಜೊತೆಗಿರುತ್ತದೆ.

ಸ್ಯಾಂಪಲ್ ಕೆಡುವುದು ಹೇಗೆ

ಕೆಎಫ್‌ಡಿಯನ್ನೇ ಇಟ್ಟುಕೊಂಡು ನೋಡೋಣ. ಉಣುಗಿನ ಮರಿ, ಅಂದರೆ ನಿಂಫ್ ಹಂತ, ಮಳೆ ನಿಂತು ದರಗು ಒಣಗಿದ ಮೇಲೆ ಹೆಚ್ಚುತ್ತದೆ. ಜನರನ್ನು ಹೆಚ್ಚಾಗಿ ಕಚ್ಚುವುದು ಈ ಹಂತವೇ. ಡಿಸೆಂಬರ್‌ನಿಂದ ಮೇ ತನಕ ರೋಗದ ಕಾಲ. ಕ್ಷೇತ್ರದ ಕೆಲಸ ಈ ಆರು ತಿಂಗಳಲ್ಲೇ ಆಗಬೇಕು. ಬಿಳಿ ಬಟ್ಟೆಯನ್ನು ದರಗಿನ ಮೇಲೆ ನಿಧಾನವಾಗಿ ಎಳೆದು, ಪ್ರತಿ ಕೆಲವು ಮೀಟರಿಗೆ ತಿರುಗಿಸಿ ನೋಡಿ, ಅಂಟಿಕೊಂಡ ಉಣುಗನ್ನು ಚಿಮಟದಿಂದ ವಯಲ್‌ಗೆ ಹಾಕಬೇಕು. ಒಂದೇ ಜಾತಿ, ಒಂದೇ ಹಂತ, ಒಂದೇ ಸ್ಥಳದವು ಒಂದು ಗುಂಪು. ಬೇರೆ ಬೇರೆ ಕಡೆಯವನ್ನು ಬೆರೆಸಿದರೆ ವೈರಸ್ ಸಿಕ್ಕರೂ ಅದು ಎಲ್ಲಿಯದು ಎಂದು ಹೇಳಲಾಗದು. ಅರಣ್ಯ ಇಲಾಖೆಯ ಅನುಮತಿ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡುವಂತಿಲ್ಲ. ಈ ಕಾಗದಪತ್ರಕ್ಕೆ ತಿಂಗಳುಗಳೇ ಬೇಕು. ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದವರು ಆ ವರ್ಷದ ಋತುವನ್ನೇ ಕಳೆದುಕೊಳ್ಳುವುದು ಸಾಮಾನ್ಯ. ಜೂನ್‌ಗಿಂತ ಮೊದಲೇ ಅರ್ಜಿ ಹೋಗಿರಬೇಕು.

ಇನ್ನು ಮನುಷ್ಯರ ರಕ್ತ. 3ರಿಂದ 5 ಎಂಎಲ್ ಸಾಕು. ಸೀರಂ ಬೇಕಾದರೆ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಗಳಿಂದ ಬರುವ ತಪ್ಪುಗಳಲ್ಲಿ ತುಂಬ ನೋವು ಕೊಡುವುದು ಇಡೀ ರಕ್ತವನ್ನೇ ಫ್ರೀಜರ್‌ಗೆ ಹಾಕಿಬಿಡುವುದು. ಕೆಂಪು ರಕ್ತಕಣ ಒಡೆದು ಎಲ್ಲವೂ ಕೆಂಪು ನೀರಾಗುತ್ತದೆ, ಸೀರಂ ಬೇರೆಯಾಗುವುದಿಲ್ಲ, ಒಡೆದ ಕಣದ ಹೀಮ್ ಎಂಬ ಕೆಂಪು ವಸ್ತು, ವೈರಸ್‌ನ ಜೀನನ್ನು ಪ್ರತಿ ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯ ಕಿಣ್ವಕ್ಕೆ ಅಡ್ಡಿ ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬೂ ಹಾಗೆಯೇ, ಪಿಸಿಆರ್ ತಡೆದು ‘ನೆಗೆಟಿವ್’ ಎಂದು ಸುಳ್ಳು ಹೇಳಿಸುತ್ತದೆ.

ಎರಡು ಮೂರು ದಿನದೊಳಗೆ ಲ್ಯಾಬ್ ಮುಟ್ಟುವುದಾದರೆ 2ರಿಂದ 8 ಡಿಗ್ರಿ ತಂಪು ಸಾಕು. ತಡವಾಗುವುದಾದರೆ ಮೈನಸ್ 80. ಮನೆಯ ಫ್ರಿಜ್ಜಿನ ಫ್ರೀಜರ್‌ನಂತಿರುವ ಮೈನಸ್ 20ರಲ್ಲಿ ಜೀವಂತ ವೈರಸ್ ನಿಧಾನವಾಗಿ ಸಾಯುತ್ತದೆ, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಇನ್ನೂ ಬೇಗ. ಅದಕ್ಕೇ ಮೊದಲ ದಿನವೇ ಸೀರಂ ಅನ್ನು ಮೂರ್ನಾಲ್ಕು ಚಿಕ್ಕ ಭಾಗ ಮಾಡಿಡುತ್ತಾರೆ. ಒಂದನ್ನು ತೆಗೆದರೆ ಉಳಿದವು ಕದಲಬಾರದು. ಡ್ರೈ ಐಸ್‌ನಲ್ಲಿ ಕಳಿಸುವಾಗ ಅನೇಕರಿಗೆ ತಿಳಿಯದ ಒಂದು ಅಪಾಯವಿದೆ. ಮುಚ್ಚಳ ಸಡಿಲವಿದ್ದರೆ ಡ್ರೈ ಐಸ್‌ನಿಂದ ಏಳುವ ಇಂಗಾಲದ ಡೈಆಕ್ಸೈಡ್ ವಯಲ್ ಒಳಗೆ ನುಗ್ಗಿ ದ್ರವವನ್ನು ಆಮ್ಲೀಯ ಮಾಡುತ್ತದೆ. ಪ್ಯಾಕೆಟ್ ಗಟ್ಟಿ ಮಂಜಾಗಿಯೇ ಬಂದಿರುತ್ತದೆ, ವೈರಸ್ ಮಾತ್ರ ಸತ್ತಿರುತ್ತದೆ.

ಕೆಎಫ್‌ಡಿಯಲ್ಲಿ ಜ್ವರದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲಿರುತ್ತದೆ, ಪಿಸಿಆರ್‌ನಲ್ಲಿ ಸಿಗುತ್ತದೆ. ಸೋಂಕಾದಾಗ ಮೊದಲು ಹುಟ್ಟುವ ಐಜಿಎಂ ಆಂಟಿಬಾಡಿ ಸುಮಾರು ಐದನೇ ದಿನದಿಂದ ಮೂಡುತ್ತದೆ. ಆದ್ದರಿಂದ ಫಾರಂನಲ್ಲಿ ಹೆಸರಿಗಿಂತಲೂ ಮುಖ್ಯವಾದ ಕಾಲಂ ‘ಜ್ವರ ಶುರುವಾದ ದಿನ’. ತಾರೀಖು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಸಂತೆಯ ದಿನಕ್ಕೆ ಮೊದಲೋ ಆಮೇಲೋ, ಜಾತ್ರೆಗೆ ಹೋಗಿದ್ದಿರಾ, ಕೊನೆಯ ಸಲ ಕೆಲಸಕ್ಕೆ ಹೋದದ್ದು ಯಾವತ್ತು ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಕನ್ನಡ ಬಲ್ಲ ಸಂಶೋಧಕರು ಪುಣೆಯ ತಂಡಕ್ಕೆ ಎಷ್ಟು ಬೇಕಾದವರು ಎಂಬುದು ಇಲ್ಲಿ ಗೊತ್ತಾಗುತ್ತದೆ. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಕೆಎಫ್‌ಡಿ ಕಾಣಿಸಿತು. ಗೋವಾದ ಗೇರು ತೋಟಗಳಿಗೆ ಋತುವಿನ ಕೂಲಿಗೆ ಹೋಗಿಬಂದ ಬೆಳಗಾವಿ ಕಡೆಯ ಕೆಲಸಗಾರರಲ್ಲೂ ಸೋಂಕು ಪತ್ತೆಯಾಯಿತು. ಜ್ವರ ಬಂದದ್ದು ಒಂದು ರಾಜ್ಯದಲ್ಲಿ, ಆಸ್ಪತ್ರೆಗೆ ಹೋದದ್ದು ಇನ್ನೊಂದರಲ್ಲಿ. ಎರಡು ಮೂರು ವಾರದ ನಂತರ ತೆಗೆಯಬೇಕಾದ ಎರಡನೇ ಸ್ಯಾಂಪಲ್‌ಗೆ ಆ ಮನುಷ್ಯ ಊರಲ್ಲೇ ಇರುವುದಿಲ್ಲ. ಆಂಟಿಬಾಡಿ ನಾಲ್ಕು ಪಟ್ಟು ಏರಿತೇ ಎಂದು ತೋರಿಸುವ ಈ ಜೋಡಿ ಸೀರಂ ಸಿಗದೆ ಅರ್ಧಕ್ಕೆ ನಿಂತ ಅಧ್ಯಯನಗಳು ಬೇಕಾದಷ್ಟಿವೆ. ಊರಿನ ಆಶಾ ಕಾರ್ಯಕರ್ತೆಯ ಜೊತೆ ಮೊದಲೇ ಮಾತಾಡಿ, ಹಿಂತಿರುಗುವ ವಿಳಾಸ ಬರೆದುಕೊಂಡಿದ್ದರೆ ಸಾಕಿತ್ತು.

ಲ್ಯಾಬಿನೊಳಗೆ

ವೈರಸ್ ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಕೋಶ ಬೇಕು. ಎಲ್ಲರೂ ಮೊದಲು ಕಲಿಯುವುದು ವೀರೋ ಕೋಶಗಳನ್ನು ಸಾಕುವುದನ್ನು. ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ಬೆಳೆಸಿದ ಸಾಲು ಇದು. 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್, ಶೇ 10ರಷ್ಟು ಕರುವಿನ ಸೀರಂ ಸೇರಿಸಿದ ಮಾಧ್ಯಮ. ವಾರಕ್ಕೆ ಎರಡು ಸಲ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕಬೇಕು. ಹಬ್ಬವೋ ಭಾನುವಾರವೋ, ಕೋಶಗಳಿಗೆ ರಜೆಯಿಲ್ಲ. ಸೊಳ್ಳೆಯ ಸಿ6/36ಕ್ಕೆ 28 ಡಿಗ್ರಿ ಸಾಕು. ವೀರೋ ಕೋಶಗಳು ವೈರಸ್ ತಡೆಯುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ತಯಾರಿಸಲಾರವು, ಅದಕ್ಕೇ ಬಹಳಷ್ಟು ವೈರಸ್ ಅಲ್ಲಿ ಸುಲಭವಾಗಿ ಬೆಳೆಯುತ್ತವೆ. ಇದೇ ಸೌಲಭ್ಯದಲ್ಲಿ ಅಪಾಯವೂ ಇದೆ. ಪದೇ ಪದೇ ವೀರೋದಲ್ಲಿ ಬೆಳೆಸಿದರೆ ವೈರಸ್ ಆ ಕೋಶಕ್ಕೆ ಒಗ್ಗಿ ಬದಲಾಗುತ್ತದೆ. ಕೊರೊನಾ ವೈರಸ್ ಹಾಗೆ ತನ್ನ ಫ್ಯೂರಿನ್ ಸೀಳು ತಾಣವನ್ನೇ, ಅಂದರೆ ಕೋಶದೊಳಗೆ ನುಗ್ಗಲು ನೆರವಾಗುವ ಭಾಗವನ್ನೇ, ಕಳೆದುಕೊಳ್ಳುವುದನ್ನು ಹಲವು ಲ್ಯಾಬುಗಳು ಕಂಡಿವೆ. ಮೊದಲ ಒಂದೆರಡು ಪಾಸೇಜ್‌ನ, ಅಂದರೆ ಒಂದೆರಡು ಸಲ ಮಾತ್ರ ಕೋಶಗಳಲ್ಲಿ ಬೆಳೆಸಿದ, ಸ್ಟಾಕನ್ನು ಮುಟ್ಟದೆ ಎತ್ತಿಡಬೇಕೆನ್ನುವುದು ಇದಕ್ಕಾಗಿ.

ಎಷ್ಟು ವೈರಸ್ ಇದೆ ಎಂದು ಅಳೆಯಲು ಪ್ಲಾಕ್ ಪರೀಕ್ಷೆ. ವೈರಸ್ ದ್ರವವನ್ನು ಹತ್ತರಂತೆ ತೆಳುಮಾಡುತ್ತ ಹೋಗಿ, ಆರು ಗುಳಿಯ ತಟ್ಟೆಯಲ್ಲಿ ಹಾಸಿದ ಕೋಶಗಳ ಮೇಲೆ ಹಾಕಿ, ಮೇಲೊಂದು ಗಂಜಿಯಂಥ ಹೊದಿಕೆ ಸುರಿಯುತ್ತಾರೆ. ಹೊದಿಕೆ ಇರುವುದರಿಂದ ವೈರಸ್ ಪಕ್ಕದ ಕೋಶಕ್ಕಷ್ಟೇ ಹರಡಬಲ್ಲದು. ಕೆಲವು ದಿನ ಬಿಟ್ಟು ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿದರೆ ನೇರಳೆ ಹಾಸಿನ ಮೇಲೆ ದುಂಡನೆಯ ಬಿಳಿ ಚುಕ್ಕೆಗಳು, ದೋಸೆಯ ಮೇಲಿನ ತೂತುಗಳ ಹಾಗೆ. ಒಂದೊಂದು ಚುಕ್ಕೆಯೂ ಒಂದು ಸೋಂಕುಕಾರಿ ಕಣದಿಂದ ಹುಟ್ಟಿದ್ದು. ಹತ್ತು ಸಾವಿರ ಪಟ್ಟು ತೆಳುಮಾಡಿದ ದ್ರವದ 0.2 ಎಂಎಲ್‌ನಲ್ಲಿ 42 ಚುಕ್ಕೆ ಬಂದರೆ, ಮೂಲದ ಪ್ರತಿ ಎಂಎಲ್‌ನಲ್ಲಿ 21 ಲಕ್ಷ ಕಣ.

ಇದನ್ನೇ ತಿರುಗಿಸಿ, ಸೀರಂ ಎಷ್ಟು ಚುಕ್ಕೆ ಕಡಿಮೆ ಮಾಡುತ್ತದೆ ಎಂದು ನೋಡಿದರೆ ಆಂಟಿಬಾಡಿಯ ಪರೀಕ್ಷೆ, ಪಿಆರ್‌ಎನ್‌ಟಿ. ರೋಗಿಯ ಸೀರಂ ಅನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿಮಾಡಿ, ಎರಡರಂತೆ ತೆಳುಮಾಡಿ, ಅಳತೆ ಗೊತ್ತಿರುವ ವೈರಸ್ ಜೊತೆ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಕೋಶಗಳ ಮೇಲೆ ಹಾಕುವುದು. ಸೀರಂ ಇಲ್ಲದ ಗುಳಿಯಲ್ಲಿ 60 ಚುಕ್ಕೆ ಬಂದಿದೆ ಎನ್ನಿ. 80ರಲ್ಲಿ ಒಂದು ಭಾಗದ ಸೀರಂನಲ್ಲಿ 28, 160ರಲ್ಲಿ ಒಂದು ಭಾಗದಲ್ಲಿ 45. ಅರ್ಧಕ್ಕಿಂತ ಹೆಚ್ಚು ಇಳಿಸಿದ ಕೊನೆಯ ಹಂತ 80, ಅದೇ ಉತ್ತರ. ಒಂದು ಫಲಿತಾಂಶಕ್ಕೆ ವಾರ ಬೇಕು, ಕೈ ನಡುಗಬಾರದು. ಆಂಟಿಬಾಡಿ ಅಂಟಿತೇ ಎಂದು ಬಣ್ಣದಿಂದ ತೋರಿಸುವ ಎಲೈಸಾ ಕಿಟ್ ಕೆಲವು ಗಂಟೆಯಲ್ಲಿ ಉತ್ತರ ಕೊಡುವಾಗ ಇಷ್ಟು ಕಷ್ಟವೇಕೆ?

ಕಾರಣ, ಡೆಂಗಿ, ಜಪಾನೀಸ್ ಎನ್‌ಸೆಫಲೈಟಿಸ್, ಝೀಕಾ, ಕೆಎಫ್‌ಡಿ ಎಲ್ಲವೂ ಒಂದೇ ಕುಟುಂಬದ ವೈರಸ್‌ಗಳು. ಒಂದಕ್ಕೆ ಹುಟ್ಟಿದ ಆಂಟಿಬಾಡಿ ಇನ್ನೊಂದಕ್ಕೂ ಅಷ್ಟಿಷ್ಟು ಅಂಟುತ್ತದೆ. ಹತ್ತಿರದ ಸಂಬಂಧಿಗಳಲ್ಲಿ ಇದು ಹೆಚ್ಚು, ದೂರದವರಲ್ಲಿ ಕಡಿಮೆ. ಪುಣೆಯ ಕೇಂದ್ರ ಶುರುವಾದ ಹೊಸತರಲ್ಲೇ ಭಾರತೀಯರ ಸೀರಂಗಳನ್ನು ಪರೀಕ್ಷಿಸಿ 1954ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಝೀಕಾಗೆ ಆಂಟಿಬಾಡಿ ಇರುವವರು ಕಂಡರು. ಅದು ನಿಜವಾದ ಝೀಕಾವೇ, ಡೆಂಗಿಯ ನೆರಳೇ ಎಂಬ ಪ್ರಶ್ನೆ ದಶಕಗಳ ಕಾಲ ಉಳಿಯಿತು. ಪುಣೆ ಜಿಲ್ಲೆಯಲ್ಲಿ, ಪುರಂದರ ತಾಲ್ಲೂಕಿನ ಬೇಲ್ಸರ್ ಗ್ರಾಮದಲ್ಲಿ, ಝೀಕಾ ಪತ್ತೆಯಾದದ್ದು 2021ರಲ್ಲಿ. ಹಾಗಾಗಿ ಎರಡು ಸಂಬಂಧಿ ವೈರಸ್‌ಗಳ ವಿರುದ್ಧ ಅಕ್ಕಪಕ್ಕದಲ್ಲೇ ಪರೀಕ್ಷೆ ಮಾಡಿ, ಒಂದರ ಅಂಕ ಇನ್ನೊಂದಕ್ಕಿಂತ ಕನಿಷ್ಠ ನಾಲ್ಕು ಪಟ್ಟು ಇದ್ದರೆ ಮಾತ್ರ ನಂಬಬೇಕು.

ಪಿಸಿಆರ್ ಬಗ್ಗೆ ಕೊರೊನಾ ಎಲ್ಲರಿಗೂ ಪಾಠ ಮಾಡಿದೆ. ಸಿಟಿ ಅಂಕ, ಅಂದರೆ ವೈರಸ್ ಕಾಣಿಸಲು ಬೇಕಾದ ಪ್ರತಿ ಮಾಡುವ ಸುತ್ತುಗಳ ಸಂಖ್ಯೆ, ಸುಮಾರು 3.3 ಹೆಚ್ಚಾದರೆ ವೈರಸ್ ಹತ್ತನೇ ಒಂದಕ್ಕಿಳಿದಿದೆ ಎಂದರ್ಥ, ಅಷ್ಟು ನೆನಪಿದ್ದರೆ ಸಾಕು. ಇಲ್ಲಿನ ದೊಡ್ಡ ಶತ್ರು ಹಿಂದಿನ ಪ್ರಯೋಗದಲ್ಲಿ ಹುಟ್ಟಿದ ಕೋಟ್ಯಂತರ ಪ್ರತಿಗಳು ಗಾಳಿಯಲ್ಲಿ, ಪಿಪೆಟ್‌ನಲ್ಲಿ ಉಳಿದುಕೊಳ್ಳುವುದು. ನೀರು ಮಾತ್ರ ಹಾಕಿದ ಕಂಟ್ರೋಲ್ ಟ್ಯೂಬ್ ಪಾಸಿಟಿವ್ ಬಂದರೆ ಆ ದಿನದ ಎಲ್ಲ ಫಲಿತಾಂಶ ಕಸದ ಬುಟ್ಟಿಗೆ. ಕೆಎಫ್‌ಡಿಯ ಸುಮಾರು 10,800 ಅಕ್ಷರದ ಜೀನೋಮನ್ನು ಪೂರ್ತಿ ಓದಬೇಕಾದರೆ ಸಿಟಿ 30ರೊಳಗೆ ಇರುವ ಸ್ಯಾಂಪಲ್ ಬೇಕು. ಮತ್ತೆ ಅದೇ ವಯಲ್‌ಗೆ ಬಂದೆವು.

ಅಪಾಯದ ಪ್ರಶ್ನೆಗೆ ಉತ್ತರ: ಇದೆ, ಅದಕ್ಕೆ ತಕ್ಕ ವ್ಯವಸ್ಥೆಯೂ ಇದೆ. ಕೆಎಫ್‌ಡಿ ವೈರಸ್ ಲ್ಯಾಬ್ ಸಿಬ್ಬಂದಿಗೆ ತಗುಲಿದ ದಾಖಲೆಗಳಿವೆ. ಎನ್‌ಐವಿಯ ಪಾಷಾಣ್ ಆವರಣದಲ್ಲಿ 2012ರಿಂದ ನಾಲ್ಕನೇ ಹಂತದ, ಅಂದರೆ ಅತಿ ಹೆಚ್ಚು ಸುರಕ್ಷತೆಯ, ಲ್ಯಾಬ್ ಇದೆ. ಅಲ್ಲಿ ಕೆಲಸ ಮಾಡುವವರು ಹೊರಗಿನಿಂದ ಗಾಳಿ ತುಂಬುವ ಸೂಟು ತೊಡುತ್ತಾರೆ. ಸೂಟಿನಲ್ಲಿ ತೂತು ಬಿದ್ದರೆ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಕೋಣೆಯ ಒತ್ತಡ ಹೊರಗಿಗಿಂತ ಕಡಿಮೆ, ಹೊರಬರುವಾಗ ಸೂಟಿನ ಮೇಲೇ ರಾಸಾಯನಿಕ ಸ್ನಾನ. ಹೊಸ ವಿದ್ಯಾರ್ಥಿಯನ್ನು ಅಲ್ಲಿಗೆ ಬಿಡುವುದಿಲ್ಲ. ನಿಜವಾದ ಅಪಾಯ ಹೆಚ್ಚಿರುವುದು ಕೆಳಗಿನ ಹಂತದ ಲ್ಯಾಬಿನಲ್ಲಿ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಗಳಿಗೆಯಲ್ಲಿ, ಸೆಂಟ್ರಿಫ್ಯೂಜ್ ನಿಂತ ತಕ್ಷಣ ಬಾಗಿಲು ತೆಗೆಯುವ ಅವಸರದಲ್ಲಿ. ಒಳಗೆ ಟ್ಯೂಬ್ ಒಡೆದಿದ್ದರೆ ತುಂತುರು ಕೆಳಗಿಳಿಯಲು ಅರ್ಧ ಗಂಟೆ ಬಿಡಬೇಕು.

ವರ್ಷಗಳು, ಹಣ, ಬಯೋಡೇಟಾ

ಎಂಎಸ್ಸಿ ಎರಡು ವರ್ಷ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮಾನ್ಯತೆಯಲ್ಲಿ ಎನ್‌ಐವಿಯೇ ವೈರಾಲಜಿ ಎಂಎಸ್ಸಿ ನಡೆಸುತ್ತದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಪಶುವೈದ್ಯ, ಎಂಬಿಬಿಎಸ್ ಹಿನ್ನೆಲೆಯವರೂ ಈ ಕ್ಷೇತ್ರಕ್ಕೆ ಬರುತ್ತಾರೆ. ಪಿಎಚ್‌ಡಿ ಫೆಲೋಶಿಪ್‌ಗೆ ಸಿಎಸ್‌ಐಆರ್-ಯುಜಿಸಿ ನೆಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆಗಳಿವೆ. 2023ರ ಜನವರಿಯಿಂದ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಸೀನಿಯರ್ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಣ ತಿಂಗಳು ತಿಂಗಳು ಬಾರದೆ ಒಟ್ಟಿಗೆ ಬರುವುದು ರೂಢಿ, ಆದ್ದರಿಂದ ಪುಣೆಗೆ ಬರುವಾಗ ಮೂರ್ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ವೈರಾಲಜಿಯಲ್ಲಿ ಐದಕ್ಕಿಂತ ಮೊದಲು ಮುಗಿಸುವವರು ಕಡಿಮೆ. ಆಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ದೇಶದೊಳಗೆ ರಿಸರ್ಚ್ ಅಸೋಸಿಯೇಟ್ ಆದರೆ 58,000ದಿಂದ ಶುರು. ಕಾಯಂ ಹುದ್ದೆ ಕೈಗೆ ಬರುವಷ್ಟರಲ್ಲಿ ಮೂವತ್ತೈದರ ಆಸುಪಾಸು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪಿಎಚ್‌ಡಿ ಎಡವುವುದು ಹೆಚ್ಚಾಗಿ ವಿಷಯದ ಆಯ್ಕೆಯಲ್ಲಿ. ‘ಮುಂದಿನ ಮೂರು ಋತುಗಳಲ್ಲಿ ಗೋವಾದ ಕೆಎಫ್‌ಡಿ ರೋಗಿಗಳ ಅಧ್ಯಯನ’ ಎಂದು ಬರೆದುಕೊಟ್ಟು, ಆ ಮೂರು ವರ್ಷ ರೋಗಿಗಳೇ ಹೆಚ್ಚು ಸಿಗದಿದ್ದರೆ? ರೋಗ ನಮ್ಮ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಪ್ರಬಂಧದ ಒಂದು ಕಾಲು ಫ್ರೀಜರ್‌ನಲ್ಲಿ ಈಗಾಗಲೇ ಇರುವ ಹಳೆಯ ಸ್ಯಾಂಪಲ್‌ಗಳ ಮೇಲಿರಲಿ, ಇನ್ನೊಂದು ಕಾಲು ಕ್ಷೇತ್ರದಲ್ಲಿರಲಿ. ಹಾಗೆಂದು ಹಳೆಯ ಸ್ಯಾಂಪಲ್ ಯಾರ ಒಪ್ಪಿಗೆ ಪತ್ರದಡಿ ತೆಗೆದದ್ದು, ಬೇರೆ ಅಧ್ಯಯನಕ್ಕೆ ಬಳಸಲು ಅವಕಾಶವಿದೆಯೇ ಎಂದು ಮೊದಲ ವರ್ಷವೇ ನೋಡಿಕೊಳ್ಳಬೇಕು.

ಹಿರಿಯ ಸಂಶೋಧಕರ ಬಯೋಡೇಟಾ ಓದುವಾಗ ಲೇಖನಗಳ ಸಂಖ್ಯೆಗೆ ಮರುಳಾಗಬೇಡಿ. ಒಂದು ಸಾಂಕ್ರಾಮಿಕದ ವರದಿಯಲ್ಲಿ ಮೂವತ್ತು ಹೆಸರಿರಬಹುದು. ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದವರದು, ಕೊನೆಯದು ತಂಡದ ಹೊಣೆ ಹೊತ್ತವರದು. ಒಂದೇ ವೈರಸ್‌ನ ಬೇರೆ ಬೇರೆ ಮಗ್ಗುಲಿಗೆ ಅವರು ಹತ್ತು ವರ್ಷದ ಅಂತರದಲ್ಲಿ ಮರಳಿದ್ದಾರೆಯೇ, ಸೀಕ್ವೆನ್ಸ್‌ಗಳನ್ನು ಎಲ್ಲರಿಗೂ ತೆರೆದ ಜೀನ್‌ಬ್ಯಾಂಕ್‌ಗೆ ಕೊಟ್ಟಿದ್ದಾರೆಯೇ, ತಮ್ಮ ಹಿಂದಿನ ಫಲಿತಾಂಶವನ್ನು ತಾವೇ ತಿದ್ದಿದ್ದಾರೆಯೇ ನೋಡಿ. ಕೆಎಫ್‌ಡಿ ಲಸಿಕೆಯನ್ನೇ ನೋಡಿ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್ ಎಂದು ಮಲೆನಾಡಿನಲ್ಲಿ ವರ್ಷಗಳ ಕಾಲ ಕೊಟ್ಟರು. ರಕ್ಷಣೆ ಸಾಲದು ಎಂದು ಕ್ಷೇತ್ರದ ಲೆಕ್ಕದಿಂದ ತೋರಿಸಿದವರು ಸಂಶೋಧಕರೇ. 2022ರಲ್ಲಿ ಅದು ನಿಂತಿತು. ತಾವು ನಂಬಿದ ಲಸಿಕೆ ಕೆಲಸ ಮಾಡುತ್ತಿಲ್ಲ ಎಂದು ಅಂಕಿಗಳ ಸಮೇತ ಬರೆಯುವುದಕ್ಕೆ ಹೊಸ ವೈರಸ್ ಕಂಡುಹಿಡಿಯುವಷ್ಟೇ ಧೈರ್ಯ ಬೇಕು.

ನಿವೃತ್ತಿಯ ಹೊತ್ತಿಗೆ ಒಬ್ಬ ಸಂಶೋಧಕರು ಬಿಟ್ಟುಹೋಗುವ ಅತ್ಯಂತ ಬೆಲೆಬಾಳುವ ವಸ್ತು ಫ್ರೀಜರ್‌ನ ಪಟ್ಟಿ. ಯಾವ ಫ್ರೀಜರ್, ಯಾವ ರ‍್ಯಾಕ್, ಯಾವ ಪೆಟ್ಟಿಗೆ, ಸಾಲು, ಕಂಬ, ಎಷ್ಟು ಸಲ ಕರಗಿದೆ, ಎಷ್ಟು ಮೈಕ್ರೋಲೀಟರ್ ಉಳಿದಿದೆ. ಬರೆದದ್ದು ವಯಲ್‌ನ ಮೈಮೇಲಿರಬೇಕು, ಮುಚ್ಚಳದ ಮೇಲಲ್ಲ, ಮುಚ್ಚಳ ಅದಲುಬದಲಾಗುತ್ತದೆ. ಸಾಮಾನ್ಯ ಮಾರ್ಕರ್ ಬೇಡ, ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಕ್ರಯೋ ಲೇಬಲ್ಲೇ ಬೇಕು. ಅದರ ಮೇಲೆ ಸಂಖ್ಯೆ, ಸ್ಯಾಂಪಲ್‌ನ ಬಗೆ, ತೆಗೆದ ತಾರೀಖು, ಜ್ವರದ ಎಷ್ಟನೇ ದಿನ ಎಂಬುದು. ಹೆಸರು ಬೇಡ, ಹೆಸರು ಬೀಗ ಹಾಕಿದ ರಿಜಿಸ್ಟರ್‌ನಲ್ಲಿರುತ್ತದೆ.